ಕಳಂಬೋಲಿಯ ಸಂತೆಗೆ ಮಡಹಾಗಲ

ಮಕ್ಕಳೇ, ಪನ್ವೇಲ್ ತಾಲ್ಲೂಕಿನ ಹಳ್ಳಿಯಲ್ಲಿ ಅರ್ಧ ಎಕರೆ ಗೇಣಿಗೆ ಹಿಡಿದು, ಯಾರೂ ಬೆಳೆಯದ ತರಕಾರಿ ಬೆಳೆದು ರೈತರ ಸಂತೆಯಲ್ಲಿ ಮಾರುತ್ತೇವೆ ಎಂದಿರಿ. ಕೇಳಿ ಮನಸ್ಸು ತುಂಬಿತು. ಆದರೆ ನಿಮ್ಮ ಬೀಜದ ಪಟ್ಟಿ ನೋಡಿ ಸುಮ್ಮನಿರಲಾಗಲಿಲ್ಲ. ಜುಕಿನಿ, ಬ್ರೊಕೊಲಿ, ಕೇಲ್, ಕೆಂಪು ಎಲೆಕೋಸು! ಇವೆಲ್ಲ ವಾಶಿಯ ಎಪಿಎಂಸಿಗೆ ದಿನವೂ ಬಂದು ಬೀಳುತ್ತವೆ. ಅಲ್ಲಿನ ದರದ ಮುಂದೆ ಅರ್ಧ ಎಕರೆಯವರು ನಿಲ್ಲುವುದು ಕಷ್ಟ.

ಮೊದಲು ತಿನ್ನುವವರು ಯಾರೆಂದು ನೋಡಿ. ಬಾಂದ್ರಾದಲ್ಲಿ 2010ರಲ್ಲಿ ಶುರುವಾದ ಭಾನುವಾರದ ರೈತ ಸಂತೆಗೆ ಬರುವವರು ಬೇರೆ, ಕಬ್ಬಿಣದ ಮಾರುಕಟ್ಟೆಯ ನಮ್ಮ ಕಳಂಬೋಲಿಯವರು ಬೇರೆ. ಇಲ್ಲಿ ಹೋಟೆಲಿನ ಕೆಲಸಕ್ಕೆಂದು ಬಂದು ನೆಲೆನಿಂತ ಕರಾವಳಿಯವರಿದ್ದಾರೆ. ಲಾರಿ, ಹಮಾಲಿ, ಗಾರೆ ಕೆಲಸ ಹಿಡಿದು ಬಂದ ವಿಜಯಪುರ, ಕಲಬುರಗಿಯವರಿದ್ದಾರೆ. ಮೊದಲಿನವರಿಗೆ ಬಸಳೆ ಬೇಕು, ಪತ್ರೊಡೆಗೆ ಕೆಸುವಿನ ಎಲೆ ಬೇಕು, ಆಟಿ ತಿಂಗಳಲ್ಲಿ ತಜಂಕು, ಮಡಹಾಗಲ ಬೇಕು. ಇವರಿಗೆ ಪುಂಡಿಪಲ್ಲೆ ಬೇಕು, ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುವ ಹತ್ತರಕಿ ಬೇಕು. ಪಕ್ಕದ ಮನೆಯ ಮರಾಠಿ ತಾಯಂದಿರೂ ಇವನ್ನೇ ಹುಡುಕುತ್ತಾರೆ, ಹೆಸರು ಮಾತ್ರ ಬೇರೆ: ಬಸಳೆ ಅವರಿಗೆ ಮಾಯಾಳೂ, ಕೆಸು ಅಳೂ, ಪುಂಡಿ ಅಂಬಾಡಿ, ತಜಂಕು ಟಾಕಳಾ, ಮಡಹಾಗಲ ಕಂಟೋಲಿ. ಹಲಗೆಯ ಮೇಲೆ ಎರಡೂ ಹೆಸರು ಬರೆಯಿರಿ. ಕೆಸುವಿನ ಎಲೆ ಕೊಡುವಾಗ, ಹುಣಸೆಹುಳಿ ಹಾಕದಿದ್ದರೆ ಗಂಟಲು ತುರಿಸುತ್ತದೆ ಎಂದು ಹೇಳಿಯೇ ಕೊಡಿ. ಒಮ್ಮೆ ಬಾಯಿ ತುರಿಸಿಕೊಂಡವರು ನಿಮ್ಮ ಕಡೆ ಮತ್ತೆ ತಲೆ ಹಾಕುವುದಿಲ್ಲ.

ನನ್ನ ಮಾತು ಕೇಳುವುದಾದರೆ ಮಳೆಗಾಲದ ಮುಖ್ಯ ಬೆಳೆ ಮಡಹಾಗಲವಾಗಲಿ. ರಾಯಗಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದೂ ಹೆಚ್ಚಾಗಿ ನಾಲ್ಕೇ ತಿಂಗಳಲ್ಲಿ. ಬ್ರೊಕೊಲಿಗೆ ಅದು ಶತ್ರು, ಮಡಹಾಗಲಕ್ಕೆ ತವರು. ಆದರೆ ಈ ಬಳ್ಳಿಯ ಗುಣ ತಿಳಿದು ಕೈಹಾಕಿ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜ ಬಿತ್ತಿದರೆ ಅರ್ಧಕ್ಕರ್ಧ ಗಂಡೇ ಬಂದಾವು, ಹೂ ಬಿಡುವ ತನಕ ಗುರುತು ಸಿಗದು. ಹಾಗಾಗಿ ಹೋದ ವರ್ಷ ಕಾಯಿ ಬಿಟ್ಟ ಬಳ್ಳಿಯ ಗೆಡ್ಡೆಯನ್ನೇ ತಂದು ನೆಡಿ. ಎಂಟು ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಇರಲಿ. ಕಾಯಿ ಕೊಡದ ಬಳ್ಳಿ ಯಾಕೆಂದು ಗಂಡನ್ನೆಲ್ಲ ಕಿತ್ತರೆ ಇಡೀ ಚಪ್ಪರ ಬಂಜೆಯಾಗುತ್ತದೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಏರುಮಡಿಯಲ್ಲೇ ನೆಡಬೇಕು. ಮಳೆ ಹೋದ ಮೇಲೆ ಬಳ್ಳಿ ಒಣಗಿ ಗೆಡ್ಡೆ ಮಣ್ಣೊಳಗೆ ಮಲಗುತ್ತದೆ, ಮರುವರ್ಷ ತಾನೇ ಚಿಗುರುತ್ತದೆ.

ಅದಕ್ಕೇ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಬೇಡಿ. ಬಿಟ್ಟು ಬರುವಾಗ ಗೆಡ್ಡೆಯೂ ಅಲ್ಲೇ ಉಳಿಯುತ್ತದೆ. ಮೂರು ವರ್ಷವಾದರೂ ಬರೆಸಿಕೊಳ್ಳಿ. ನಮ್ಮೂರ ಪಹಣಿಯ ಹಾಗೆ ಇಲ್ಲಿ ಸಾತ್‌ಬಾರಾ ಉತಾರ. ಗೇಣಿ ಕೊಡುವವರ ಹೆಸರು ಅದರಲ್ಲಿದೆಯೇ ನೋಡಿ. ನೀರಿನ ವಿಷಯದಲ್ಲಂತೂ ಕಟ್ಟುನಿಟ್ಟಾಗಿರಿ. ತಳೋಜಾ ಕಾರ್ಖಾನೆಗಳ ಮಗ್ಗುಲಲ್ಲಿ ಹರಿಯುವ ಕಾಸಾಡಿ ನದಿ ಕೆಟ್ಟಿರುವ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಆ ಕಡೆಯ ಹೊಲ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಜೂನಿನ ಮೊದಲ ಮಳೆಗೆ ಠಾಕರ್, ಕಾತ್ಕರಿ ಆದಿವಾಸಿ ಹೆಂಗಸರು ಗುಡ್ಡದಿಂದ ಶೇವಳ ಎಂಬ ಕಾಡು ತರಕಾರಿಯ ಕಟ್ಟು ಹೊತ್ತು ತರುತ್ತಾರೆ. ಅದೂ ತುರಿಸುವ ಗೆಡ್ಡೆಯ ಜಾತಿ, ಕಾಕಡದ ಹುಳಿಕಾಯಿ ಹಾಕಿ ಬೇಯಿಸುತ್ತಾರೆ. ಬೆಲೆ ಚೆನ್ನಾಗಿದೆ ಎಂದು ನೀವು ಕಾಡಿಗೆ ಹೋಗಿ ಅಗೆಯಬೇಡಿ. ಅದು ಅವರ ಮಳೆಗಾಲದ ದುಡ್ಡು. ಬೇಕಾದರೆ ಅವರಿಂದ ಪೂರ್ತಿ ಬೆಲೆಗೆ ಕೊಳ್ಳಿ, ಅವರನ್ನೂ ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು ತರಕಾರಿಯನ್ನು ಎಪಿಎಂಸಿ ಕಟ್ಟುಪಾಡಿನಿಂದ ಬಿಡಿಸಿತಲ್ಲ, ಬೆಳೆದವರು ನೇರ ಮಾರಲಿ ಎಂದೇ ಅದು.

ಗುಳ್ಳ ಬದನೆ ಬೆಳೆಯುವ ಆಸೆಯೂ ನಿಮಗಿದೆ. ಬೆಳೆಯಿರಿ, ಆದರೆ ಮಟ್ಟುಗುಳ್ಳ ಎಂದು ಬರೆಯಬೇಡಿ. ಉಡುಪಿಯ ಮಟ್ಟುವಿನ ರೈತರಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರು ಆ ನೆಲದ್ದು. ಕಳಂಬೋಲಿಯ ಗಿರಾಕಿ ಊರಿನಲ್ಲಿ ಅದನ್ನು ತಿಂದು ಬೆಳೆದವರು, ಒಂದೇ ತುತ್ತಿಗೆ ಪತ್ತೆ ಹಚ್ಚುತ್ತಾರೆ. ಬರೀ ಗುಳ್ಳ ಎಂದು ಬರೆದರೆ ಸಾಕು, ನಿಮ್ಮ ಮೇಲೆ ನಂಬಿಕೆ ಉಳಿಯುತ್ತದೆ.

ಬೀಜವನ್ನು ನೀವೇ ಕಟ್ಟಿಡಿ. ಅಕೋಲೆ ತಾಲ್ಲೂಕಿನ ರಾಹಿಬಾಯಿ ಪೋಪೆರೆ ಶಾಲೆಗೆ ಹೋದವರಲ್ಲ. ಅವರೆಯ ತರಹೇವಾರಿ ನಾಟಿ ಬೀಜ ಉಳಿಸಿ, ಬೆಳೆಸಿ, ಹಂಚಿದರು. 2020ರಲ್ಲಿ ಪದ್ಮಶ್ರೀ ಬಂತು. ಪ್ರತಿ ಸಾಲಿನ ಒಳ್ಳೆಯ ನಾಲ್ಕು ಕಾಯಿಯನ್ನು ಬೀಜಕ್ಕೆ ಬಿಡಿ. ಅದನ್ನು ಯಾರು ಎಷ್ಟೇ ಬೆಲೆಗೆ ಕೇಳಿದರೂ ಕೊಡಬೇಡಿ.

ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವಾಗ ಮತ್ಸ್ಯಗಂಧಾ ರೈಲಿನಲ್ಲಿ ಬಂದು ಪನ್ವೇಲಿನಲ್ಲೇ ಇಳಿಯುತ್ತೀರಿ. ಬಸಳೆಯ ಬಲಿತ ಬಳ್ಳಿಯನ್ನು ಗೇಣುದ್ದ ತುಂಡು ಮಾಡಿ ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ಚಪ್ಪರಕ್ಕೆ ಕಂಬ ನೆಡುವ ದಿನ ನನ್ನನ್ನೂ ಕರೆಯಿರಿ, ಬರುತ್ತೇನೆ.