ದೃಢೀಕರಣದ ಮರುವಾರ

ದೃಢೀಕರಣದ ದಿನ ನಮ್ಮ ಚರ್ಚು ಮದುವೆ ಮನೆಯಂತಿರುತ್ತದೆ. ಬಿಳಿ ಸೀರೆ ಉಟ್ಟ ಹುಡುಗಿಯರು, ಮೊದಲ ಸಲ ಟೈ ಕಟ್ಟಿದ ಹುಡುಗರು, ಬಿಷಪ್ಪರ ಜೊತೆ ಫೋಟೊ, ಮಧ್ಯಾಹ್ನ ಬಿರಿಯಾನಿ. ಮುಂದಿನ ಭಾನುವಾರ ಬೆಂಚುಗಳನ್ನು ನೋಡಿದರೆ ಆ ಮಕ್ಕಳಲ್ಲಿ ಅನೇಕರು ಇಲ್ಲ. ಪಾಠ ಕಲಿತಾಯಿತು, ಕರ್ತನ ಮೇಜಿಗೆ ಹೋಗಿದ್ದಾಯಿತು, ಇನ್ನೇನು? ಹುಬ್ಬಳ್ಳಿ ಕಡೆಯ ಸಿಎಸ್‌ಐ ಸಭೆಯೊಂದರಲ್ಲಿ ಹದಿಹರೆಯದವರ ಗುಂಪು ನೋಡಿಕೊಳ್ಳುವ ನನಗೆ ಕೆಲಸ ಶುರುವಾಗುವುದೇ ಆ ಭಾನುವಾರದಿಂದ.

ಹಿರಿಯರನ್ನು ಕೇಳಿದರೆ ಮೊಬೈಲಿನ ಕಡೆ ಬೆರಳು ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಮಕ್ಕಳು ಬರದಿದ್ದರೆ ಸಭೆಯಲ್ಲಿ ಯಾವುದೂ ನಿಲ್ಲುವುದಿಲ್ಲ; ಅದು ಅವರಿಗೂ ಗೊತ್ತು. ತಾನಿಲ್ಲದೆಯೂ ಎಲ್ಲ ಸರಾಗವಾಗಿ ನಡೆಯುವ ಜಾಗಕ್ಕೆ ಹದಿನಾರರ ಹುಡುಗ ಟ್ಯೂಷನ್ ಬಿಟ್ಟು ಯಾಕೆ ಬಂದಾನು? ಕ್ಯಾಂಪು, ಟಿ-ಶರ್ಟು, ಆಟ ಎಲ್ಲ ನಾವೂ ಮಾಡಿದೆವು. ದಂಡವೇನೂ ಅಲ್ಲ, ಅಲ್ಲಿ ಗೆಳೆತನ ಬೆಳೆಯುತ್ತದೆ, ಹೆಚ್ಚಾಗಿ ಬಸ್ಸಿನಲ್ಲಿ. ಪ್ರಸಂಗದ ಹೊತ್ತಿನಲ್ಲಂತೂ ಅಲ್ಲ. ಪೌಲನೇ ಮಧ್ಯರಾತ್ರಿಯವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತ ಯುವಕನೊಬ್ಬ ನಿದ್ದೆಗೆ ಜಾರಿ ಮೂರನೇ ಅಂತಸ್ತಿನಿಂದ ಬಿದ್ದನಲ್ಲ! ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯವನ್ನು ನಮ್ಮ ಪ್ರಸಂಗಿಗಳು ಆಗಾಗ ಓದಿಕೊಳ್ಳಬೇಕು.

ಬದಲಾವಣೆ ತಂದದ್ದು ಒಂದು ಸಾದಾ ಕೆಲಸ. ಮನೆ ಬಿಟ್ಟು ಬರಲಾಗದ ಹಿರಿಯರ ಪಟ್ಟಿ ಮಾಡಿ, ಇಬ್ಬಿಬ್ಬರು ಮಕ್ಕಳನ್ನು ಒಬ್ಬ ದೊಡ್ಡವರ ಜೊತೆ ಬೈಬಲ್ ಓದಲು ಕಳಿಸತೊಡಗಿದೆವು. ಇಂಗ್ಲಿಷ್ ಮೀಡಿಯಂ ಹುಡುಗಿಯೊಬ್ಬಳು ಕನ್ನಡ ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ಅವಳ ಪಾಲಿಗೆ ಬಂದದ್ದು ಕಣ್ಣು ಮಂಜಾದ ಒಬ್ಬ ಅಜ್ಜಿ. ಹೇಗೂ ಕಾಣುವುದಿಲ್ಲವೆಂದು ಹುಡುಗಿ ಕಷ್ಟದ ಸಾಲು ಹಾರಿಸಿ ಮುಂದೆ ಹೋದಳು. "ನಡುವ ಎರಡು ವಚನ ನುಂಗಿದಿ ನೋಡವಾ," ಅಂದರಂತೆ ಅಜ್ಜಿ. ಅವರಿಗೆ ಅದು ಬಾಯಿಪಾಠ. ಮುಂದಿನ ವಾರ ಹುಡುಗಿ ಉಪಾಯ ಮಾಡಿ ಎರಡೇ ವಚನಗಳ 117ನೇ ಕೀರ್ತನೆ ತೆಗೆದಳು. "ಭಾಳ ಸಣ್ಣದಾತು, ಈಗ ನೂರಾ ಹತ್ತೊಂಬತ್ತು ತಗಿ." ಅದರಲ್ಲಿ 176 ವಚನ! ಗುಂಪಿನಲ್ಲಿ ಇದನ್ನು ನಗುತ್ತ ಹೇಳಿದವಳು, ಪರೀಕ್ಷೆಯ ತಿಂಗಳಲ್ಲೂ ಆ ಮನೆಗೆ ಹೋಗುವುದನ್ನು ಬಿಡಲಿಲ್ಲ. ತಪ್ಪಿದರೆ ಅಜ್ಜಿ ಫೋನು ಮಾಡಿ ಕೇಳುತ್ತಿದ್ದರು. ನಮ್ಮ ಕಮಿಟಿಯವರು ಯಾರೂ ಯಾವ ಹುಡುಗಿಗೂ ಹಾಗೆ ಫೋನು ಮಾಡಿದ್ದಿಲ್ಲ.

ಕನ್ನಡ ಬರುವುದಿಲ್ಲವೆಂದು ನಾಚುವ ಮಕ್ಕಳಿಗೆ ನಾನು ಕನ್ನಡ ನಿಘಂಟು ಮಾಡಿದ ಕಿಟೆಲರ ವಿಷಯ ಹೇಳುತ್ತೇನೆ. ಫೋಟೊದ ಗಡ್ಡ ನೋಡಿ ಹುಟ್ಟುವಾಗಲೇ ಮುದುಕರೆಂದು ಮಕ್ಕಳು ತಿಳಿದಿರುತ್ತಾರೆ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ. ಕನ್ನಡ ಅವರ ತಾಯಿನುಡಿಯಲ್ಲ. ನಿಘಂಟು ಹೊರಬಂದದ್ದು 1894ರಲ್ಲಿ. "ಅಂದ್ರ ನನಗಿನ್ನೂ ಟೈಮ್ ಐತಿ," ಅಂದ ಒಬ್ಬ.

ಪ್ರಶ್ನೆಗಳ ವಿಷಯ ಬೇರೆ. ಕೋವಿಡ್‌ನಲ್ಲಿ ತಂದೆಯನ್ನು ಕಳಕೊಂಡ ಹುಡುಗ, ಅಷ್ಟೊಂದು ಜನ ಪ್ರಾರ್ಥಿಸಿದರೂ ದೇವರು ಯಾಕೆ ಕೇಳಲಿಲ್ಲ ಎಂದು ಕೇಳಿದ. ಇದಕ್ಕೆ ಥಟ್ಟನೆ ಉತ್ತರ ಕೊಡುವವರನ್ನು ಕಂಡರೆ ನನಗೆ ಭಯ. ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತಿದ್ದಷ್ಟೇ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಗೊತ್ತಿಲ್ಲಪ್ಪ ಅಂದೆ. ಅವನು ಆಮೇಲೂ ಬಂದ, ಇನ್ನೂ ಕಷ್ಟದ ಪ್ರಶ್ನೆ ಹೊತ್ತುಕೊಂಡು.

ಹೊಸದಾಗಿ ಈ ಸೇವೆಗೆ ಇಳಿಯುವವರಿಗೆ ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಮಾತಾಡುತ್ತೇನೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ದೊಡ್ಡವರು, ಒಂದು ಮಗು ಕೂಡದು. ರಾತ್ರಿ ಖಾಸಗಿ ಮೆಸೇಜು ಕೂಡದು. 2012ರ ಪೋಕ್ಸೊ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಚರ್ಚಿನವರೇ ಅಲ್ಲವೇ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಟ್ಯೂಷನ್ ಜೊತೆ ಜಗಳ ಬಿಟ್ಟುಬಿಟ್ಟೆವು. ಸಂಜೆಯ ಕೂಟವನ್ನು ಬೆಳಗಿನ ಆರಾಧನೆ ಮುಗಿದ ಕೂಡಲೇ ಇಟ್ಟು, ಗಿರ್ಮಿಟ್ಟು, ಮಿರ್ಚಿ ತರಿಸಿ ಬೇಗ ಮುಗಿಸುತ್ತೇವೆ. ಹುಡುಗಿಯರನ್ನು ಸಂಜೆ ಕಳಿಸದ ಮನೆಯವರೂ ಈಗ ಕಳಿಸುತ್ತಾರೆ.

ಹೋದ ಡಿಸೆಂಬರಿನಿಂದ ಕ್ಯಾರಲ್ ದುಡ್ಡಿನ ಲೆಕ್ಕವೂ ಮಕ್ಕಳದೇ. ಯಾವ ಮನೆಯಿಂದ ಎಷ್ಟು ಬಂತು, ವ್ಯಾನಿಗೆ ಎಷ್ಟು ಹೋಯಿತು, ಎಲ್ಲ ಪುಸ್ತಕದಲ್ಲಿದೆ. ಉಳಿದದ್ದರಲ್ಲಿ ಗಿಟಾರಿಗೆ ಆಂಪ್ಲಿಫೈಯರ್ ಬೇಕೆಂದು ಕೆಲವರು, ಆ ಹಿರಿಯರಿಗೆ ದೊಡ್ಡಕ್ಷರದ ಬೈಬಲ್ ಎಂದು ಕೆಲವರು. ಖಜಾಂಚಿಗಳು ರಸೀದಿ ಕೇಳಿದ್ದಾರೆ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ನೀವು ಸುಮ್ಮನಿರಿ ಅಕ್ಕ, ನಾವೇ ಮಾತಾಡ್ತೀವಿ ಎಂದು ಹುಡುಗರು ನನಗೆ ತಾಕೀತು ಮಾಡಿದ್ದಾರೆ.