ಗ್ಲಾಕೋಮಾದ ಸೂಕ್ಷ್ಮ ಶಸ್ತ್ರಚಿಕಿತ್ಸೆ: ವೈದ್ಯರು ಕಲಿತ ಪಾಠ, ನಾವು ಕಲಿಯಬೇಕಾದ ಪಾಠ

ನಮ್ಮ ಚಿಕಿತ್ಸಾಲಯಕ್ಕೆ ಬಹುಕಾಲದಿಂದ ಬರುತ್ತಿರುವ ನಿವೃತ್ತ ಶಿಕ್ಷಕರೊಬ್ಬರಿಗೆ ಗ್ಲಾಕೋಮಾ ಇದೆ. ಕಣ್ಣಿನ ಪೊರೆಯನ್ನು ತೆಗೆಯುವಾಗಲೇ ನೇತ್ರವೈದ್ಯರು ಅವರ ಕಣ್ಣಿನೊಳಗೆ ಒಂದು ಸೂಕ್ಷ್ಮ ನಳಿಕೆಯನ್ನೂ ಇರಿಸಿದ್ದರು. ಒಂದು ಬಗೆಯ ಹನಿಯನ್ನು ಮುಂದುವರಿಸಲು ತಿಳಿಸಿದ್ದರು. ಪೊರೆ ಹೋದುದರಿಂದ ಅಕ್ಷರಗಳು ನಿಚ್ಚಳವಾಗಿ ಕಾಣತೊಡಗಿದವು. "ಡಾಕ್ಟರೇ, ಗ್ಲಾಕೋಮಾ ವಾಸಿಯಾಯಿತು, ಇನ್ನು ಹನಿಯ ಗೊಡವೆ ಇಲ್ಲ" ಎಂದು ಅವರು ಹೇಳಿದಾಗ ನಾನೂ ಸಂತೋಷಪಟ್ಟೆನೇ ಹೊರತು, ತಪಾಸಣೆಗೆ ಹೋಗುತ್ತಿದ್ದೀರಾ ಎಂದು ಕೇಳಲಿಲ್ಲ. ಎರಡು ವರ್ಷಗಳ ಬಳಿಕ, ಪಕ್ಕದಿಂದ ಬರುವ ವಾಹನ ಕಾಣುವುದಿಲ್ಲವೆಂದು ಅವರು ಬಂದರು. ಕಳೆದುಹೋದ ಪಾರ್ಶ್ವದೃಷ್ಟಿ ಮರಳಿ ಬರಲಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳದೆ ಹೋದ ನನ್ನ ಲೋಪವೇ ಈ ಲೇಖನಕ್ಕೆ ಕಾರಣ.

ರೋಗದ ಸ್ವರೂಪ

ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಉತ್ಪತ್ತಿಯಾಗುತ್ತಿರುತ್ತದೆ. ಕಾರ್ನಿಯಾ ಎಂಬ ಪಾರದರ್ಶಕ ಪಟಲವೂ ಐರಿಸ್ ಎಂಬ ಬಣ್ಣದ ಪಟಲವೂ ಕೂಡುವ ಕೋನದಲ್ಲಿ ಸೂಕ್ಷ್ಮವಾದ ಜಾಲರಿಯಿದೆ. ದ್ರವವು ಅದರ ಮೂಲಕ ಸೋಸಿ, ಶ್ಲೆಮ್ ನಾಲೆಯನ್ನು ಸೇರಿ, ರಕ್ತನಾಳಗಳಿಗೆ ಹರಿದುಹೋಗುತ್ತದೆ. ಜಾಲರಿಯಲ್ಲಿ ತಡೆಯುಂಟಾದರೆ ಕಣ್ಣಿನ ಒತ್ತಡ ಏರಿ ದೃಷ್ಟಿನರವು ಸವೆಯುತ್ತದೆ. ಸಾಮಾನ್ಯ ಒತ್ತಡ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್. ಆದರೆ ಕೆಲವರಲ್ಲಿ ಈ ಮಿತಿಯೊಳಗಿನ ಒತ್ತಡದಲ್ಲಿಯೂ ನರಕ್ಕೆ ಹಾನಿಯಾಗುವುದುಂಟು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ವರ್ಣಿತವಾದ ಅಧಿಮಂಥವು ಕಣ್ಣನ್ನು ಕಡೆದಂತಾಗುವ ನೋವಿನ, ಅರ್ಧತಲೆಯನ್ನು ವ್ಯಾಪಿಸುವ ವೇದನೆಯ ರೋಗ. ಇದು ಹಠಾತ್ತನೆ ಒತ್ತಡ ಏರುವ ಗ್ಲಾಕೋಮಾವನ್ನು ಹೋಲುತ್ತದೆ. ಉಪಚಾರ ತಪ್ಪಿದರೆ ಕೆಲವೇ ದಿನಗಳಲ್ಲಿ ದೃಷ್ಟಿ ನಾಶವಾಗುವುದೆಂಬ ಎಚ್ಚರಿಕೆಯೂ ಅಲ್ಲಿದೆ. ತೆರೆದ ಕೋನದ ಗ್ಲಾಕೋಮಾ ಹಾಗಲ್ಲ. ಅದು ನೋವಿಲ್ಲದೆ ಅಂಚಿನಿಂದ ದೃಷ್ಟಿಯನ್ನು ಕಬಳಿಸುತ್ತಾ ಬರುತ್ತದೆ. ರೋಗಿಗೆ ಅರಿವಾಗುವ ವೇಳೆಗೆ ಬಹಳಷ್ಟು ನಷ್ಟವಾಗಿರುತ್ತದೆ.

ಮಧ್ಯಮ ಮಾರ್ಗ

1968ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಜಾನ್ ಕೇರ್ನ್ಸ್ ಅವರು ಟ್ರಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಕ್ರಿಯೆಯನ್ನು ವಿವರಿಸಿದರು. ದ್ರವ ಹೊರಹೋಗಲು ಕಣ್ಣಿನ ಬಿಳಿಯ ಭಾಗದಲ್ಲಿ ಹೊಸ ದಾರಿಯನ್ನು ಮಾಡುವ ಈ ಕ್ರಮವು ಒತ್ತಡವನ್ನು ಸಮರ್ಥವಾಗಿ ಇಳಿಸುತ್ತದೆ. ಆದರೆ ಒತ್ತಡ ಅತಿಯಾಗಿ ಕುಸಿಯುವ, ಸೋಂಕು ತಗಲುವ, ಕಲೆಗಟ್ಟಿ ದಾರಿ ಮುಚ್ಚುವ ಅಪಾಯಗಳೂ ಅದಕ್ಕಿವೆ. ಹನಿಗೂ ಈ ದೊಡ್ಡ ಶಸ್ತ್ರಕ್ರಿಯೆಗೂ ನಡುವಿನ ಮಾರ್ಗವಾಗಿ ಸೂಕ್ಷ್ಮ ವಿಧಾನಗಳು ಬಂದವು. ಕೆನಡಾದ ಐಕ್ ಅಹ್ಮದ್ ಅವರು ಇವುಗಳಿಗೆ 'ಮಿಗ್ಸ್' ಎಂಬ ಹೆಸರನ್ನಿತ್ತರು. ಸುಮಾರು ಒಂದು ಮಿಲಿಮೀಟರ್ ಉದ್ದದ, ಟೈಟಾನಿಯಂನ ಐಸ್ಟೆಂಟ್ ನಳಿಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯೊಡನೆ ಬಳಸಲು ಅನುಮತಿ ನೀಡಿತು. 2014ರಲ್ಲಿ ಪ್ರಕಟವಾದ 'ಗ್ಯಾಟ್' ವಿಧಾನದಲ್ಲಿ ನಳಿಕೆಯನ್ನು ಕಣ್ಣೊಳಗೆ ಬಿಡುವುದೇ ಇಲ್ಲ. ಶ್ಲೆಮ್ ನಾಲೆಯ ಸುತ್ತ ತೆಳುವಾದ ಕ್ಯಾತಿಟರನ್ನೋ ಹೊಲಿಗೆಯ ದಾರವನ್ನೋ ಹಾಯಿಸಿ, ಎಳೆದು, ಜಾಲರಿಯನ್ನು ತೆರೆಯಲಾಗುತ್ತದೆ.

ಶಸ್ತ್ರವೈದ್ಯರು ಕಲಿತ ಪಾಠಗಳು

ಮೊದಲನೆಯದು, ಮುಟ್ಟುವ ಮುನ್ನ ಕಾಣಬೇಕು. ಕೋನದಿಂದ ಹೊರಟ ಬೆಳಕು ಕಾರ್ನಿಯಾದಲ್ಲಿ ಪ್ರತಿಫಲಿಸಿ ಒಳಕ್ಕೇ ಮರಳುವುದರಿಂದ ಅದು ನೇರವಾಗಿ ಕಾಣದು. ವಿಶೇಷ ಮಸೂರವನ್ನಿರಿಸಿ ನೋಡಬೇಕು. ಇದೇ ಗೋನಿಯೋಸ್ಕೋಪಿ. ಪೊರೆಯ ಶಸ್ತ್ರಕ್ರಿಯೆಯಲ್ಲಿ ನುರಿತವರೂ ಇಲ್ಲಿ ವಿದ್ಯಾರ್ಥಿಗಳಾಗಬೇಕಾಯಿತು. ರೋಗಿಯ ತಲೆಯನ್ನು ಒಂದೆಡೆಗೆ ತಿರುಗಿಸಿ, ಸೂಕ್ಷ್ಮದರ್ಶಕವನ್ನು ಓರೆಯಾಗಿಸಿದರೆ ಮಾತ್ರ ಜಾಲರಿ ಸರಿಯಾಗಿ ಕಾಣುತ್ತದೆ. ಮಸೂರವನ್ನು ತುಸು ಹೆಚ್ಚು ಒತ್ತಿದರೂ ಕಾರ್ನಿಯಾ ಸುಕ್ಕುಗಟ್ಟಿ ನೋಟ ಮಸುಕಾಗುತ್ತದೆ. ನೋಟ ತಪ್ಪಿದರೆ ನಳಿಕೆಯೂ ತಪ್ಪು ಜಾಗದಲ್ಲಿ ಕೂರುತ್ತದೆ.

ಎರಡನೆಯದು, ಅಭ್ಯಾಸ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವೇ ಇದೆ. ಶಾಸ್ತ್ರವನ್ನೆಲ್ಲ ಓದಿದ ಶಿಷ್ಯನೂ ಸೋರೆ, ಸೌತೆಗಳಂತಹ ಕಾಯಿಗಳ ಮೇಲೆ ಛೇದನವನ್ನು ಅಭ್ಯಸಿಸಬೇಕೆಂಬುದು ಅದರ ಆಶಯ. ಇಂದಿನ ವೈದ್ಯರು ಕೃತಕ ಕಣ್ಣಿನ ಮೇಲೆ ಅಭ್ಯಾಸ ಮಾಡಿ, ಹೊರರೋಗಿಗಳ ತಪಾಸಣೆಯಲ್ಲಿ ಕೋನವನ್ನು ನೋಡಿ ನೋಡಿ ಕಣ್ಣನ್ನು ಪಳಗಿಸಿಕೊಂಡು, ಆ ಬಳಿಕವೇ ನಳಿಕೆಯನ್ನು ಕೈಗೆತ್ತಿಕೊಳ್ಳುತ್ತಾರೆ. ನಳಿಕೆಯನ್ನಿರಿಸಿದಾಗ ಜಾಲರಿಯಿಂದ ತುಸು ರಕ್ತ ಒಸರಿದರೆ ಅನುಭವಿಗಳು ಗಾಬರಿಯಾಗುವುದಿಲ್ಲ. ನಾಲೆ ತೆರೆದುಕೊಂಡಿತೆಂಬುದಕ್ಕೆ ಅದು ಗುರುತು. ಆದರೆ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಇದೇ ತೊಡಕಾಗಬಲ್ಲದು.

ಮೂರನೆಯದು, ರೋಗಿಯ ಆಯ್ಕೆ. ಶ್ಲೆಮ್ ನಾಲೆಯ ದ್ರವ ಕೊನೆಗೆ ಸೇರುವುದು ರಕ್ತನಾಳವನ್ನು. ಆ ನಾಳದಲ್ಲಿಯೂ ಒತ್ತಡವಿದೆ. ಆದ್ದರಿಂದ ಈ ಮಾರ್ಗದಲ್ಲಿ ಕಣ್ಣಿನ ಒತ್ತಡ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದು. ಆರಂಭದ ಹಾಗೂ ಮಧ್ಯಮ ಹಂತದವರಿಗೆ ಇದು ಸಾಕಾಗಬಹುದು. ನರ ಬಹಳ ಸವೆದು, ಒತ್ತಡವನ್ನು ತೀರ ಕಡಿಮೆ ಮಾಡಬೇಕಾದವರಿಗೆ ಹಳೆಯ ಶಸ್ತ್ರಕ್ರಿಯೆಯೇ ಇಂದಿಗೂ ಆಸರೆ.

ನಾಲ್ಕನೆಯದು, ಕಾಲದ ಪರೀಕ್ಷೆ. ಸೈಪಾಸ್ ಎಂಬ ಇನ್ನೊಂದು ನಳಿಕೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎರಡು ವರ್ಷಗಳ ಫಲಿತಾಂಶ ಆಶಾದಾಯಕವಾಗಿತ್ತು. ಅದೇ ರೋಗಿಗಳನ್ನು ಐದು ವರ್ಷಗಳವರೆಗೆ ಗಮನಿಸಿದಾಗ, ಬರಿಯ ಪೊರೆಯ ಚಿಕಿತ್ಸೆ ಪಡೆದವರಿಗಿಂತ ನಳಿಕೆಯಿದ್ದವರಲ್ಲಿ ಕಾರ್ನಿಯಾದ ಒಳಪದರದ ಜೀವಕೋಶಗಳು ಹೆಚ್ಚು ನಷ್ಟವಾಗಿದ್ದವು. 2018ರ ಆಗಸ್ಟ್‌ನಲ್ಲಿ ತಯಾರಕ ಸಂಸ್ಥೆ ಆಲ್ಕಾನ್ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡಿತು. ಶಸ್ತ್ರಕ್ರಿಯೆ ಮುಗಿದ ಮಾತ್ರಕ್ಕೆ ವೈದ್ಯನ ಹೊಣೆ ಮುಗಿಯದೆಂಬುದನ್ನು ಈ ಪ್ರಸಂಗ ಮನಗಾಣಿಸಿತು.

ನಾವು ಕಲಿಯಬೇಕಾದುದು

ಪೊರೆ ತೆಗೆದರೆ ನೋಟ ತಿಳಿಯಾಗುತ್ತದೆ. ಗ್ಲಾಕೋಮಾದಿಂದ ಸತ್ತ ನರ ಚಿಗುರುವುದಿಲ್ಲ. ನಳಿಕೆಯ ಉದ್ದೇಶ ಉಳಿದ ದೃಷ್ಟಿಯನ್ನು ಕಾಯುವುದು, ಹೋದುದನ್ನು ತರುವುದಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿರಿ: ನನ್ನ ರೋಗ ಯಾವ ಹಂತದಲ್ಲಿದೆ? ಒತ್ತಡವನ್ನು ಎಷ್ಟಕ್ಕೆ ಇಳಿಸಬೇಕು? ಮುಂದೆಯೂ ಹನಿ ಬೇಕೇ? ಮತ್ತೆ ಯಾವಾಗ ಬರಬೇಕು? ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ತಪ್ಪದೆ ತಿಳಿಸಿರಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ನಲವತ್ತು ದಾಟಿದ ಒಡಹುಟ್ಟಿದವರೂ ಮಕ್ಕಳೂ ಕಣ್ಣನ್ನು ಪರೀಕ್ಷಿಸಿಕೊಳ್ಳಬೇಕು.

ಆಯುರ್ವೇದ ವೈದ್ಯನಾಗಿ ಇನ್ನೊಂದು ಮಾತನ್ನು ನಾನೇ ಹೇಳಬೇಕು. ತ್ರಿಫಲೆಯಾಗಲಿ, ನೇತ್ರತರ್ಪಣವಾಗಲಿ ಒತ್ತಡದ ಹನಿಗೆ ಬದಲಿಯಲ್ಲ. ಅವನ್ನು ನಂಬಿ ಹನಿಯನ್ನು ನಿಲ್ಲಿಸಬೇಡಿರಿ.

ಆ ಶಿಕ್ಷಕರು ಈಗ ರಾತ್ರಿ ತಪ್ಪದೆ ಹನಿ ಹಾಕಿಕೊಳ್ಳುತ್ತಾರೆ. ನೇತ್ರವೈದ್ಯರು ಹೇಳಿದ ದಿನಕ್ಕೆ ಹೋಗಿಬರುತ್ತಾರೆ. ಉಳಿದ ದೃಷ್ಟಿ ಉಳಿದಿದೆ. ನಾನೂ ಈಗ ಗ್ಲಾಕೋಮಾ ಇರುವ ಯಾರೇ ಬಂದರೂ, ಜ್ವರಕ್ಕೆಂದು ಬಂದಿದ್ದರೂ ಸರಿಯೇ, ಮೊದಲು ಅದನ್ನೇ ಕೇಳುತ್ತೇನೆ: "ಕಣ್ಣಿನ ತಪಾಸಣೆಗೆ ಹೋಗಿ ಎಷ್ಟು ದಿನವಾಯಿತು?"