ಹೆಸರು ನೋಡಿ ಮೋಸಹೋಗದಿರಿ



ಮುಂಗಾರು ಬಂತೆಂದರೆ ಹಿಂದೂಪುರ, ಕಲ್ಯಾಣದುರ್ಗದ ಪೇಟೆಗಳಲ್ಲಿ ಬೀಜ, ಗೊಬ್ಬರ, ಔಷಧಿ ಅಂಗಡಿಗಳ ಮುಂದೆ ಜನಜಂಗುಳಿ. ಒಮ್ಮೆ ಹಿರಿಯ ರೈತರೊಬ್ಬರು ಖಾಲಿ ಔಷಧಿ ಸೀಸೆಯೊಂದನ್ನು ನಮಗೆ ತೋರಿಸಿದರು. ಕಡಲೆಕಾಯಿ ಎಲೆಚುಕ್ಕೆಗೆ ಎರಡು ಸಲ ಸಿಂಪಡಿಸಿದರೂ ರೋಗ ನಿಲ್ಲಲಿಲ್ಲವಂತೆ. "ವರ್ಷವೂ ತರುವ ಔಷಧಿಯೇ ಇದು, ಫಾದರ್" ಎಂದರು. ಹಳೆಯ ಸೀಸೆಯನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದೆವು. ಬಣ್ಣ ಅದೇ, ಚಿತ್ರ ಅದೇ. ಹೆಸರಿನಲ್ಲಿ ಒಂದಕ್ಷರ ಬೇರೆ, ಕಂಪನಿಯೂ ಬೇರೆ. ಸಾಲದ ಹಣವೂ ಹೋಯಿತು, ಬೆಳೆಯೂ ಹೋಯಿತು.

ನೋಂದಣಿಯಾದ ಗುರುತನ್ನು ಇನ್ನೊಬ್ಬರು ಹೋಲುವಂತೆ ಬಳಸುವುದು ಟ್ರೇಡ್‌ಮಾರ್ಕ್ ಉಲ್ಲಂಘನೆ. ನೋಂದಣಿ ಇರಲಿ ಬಿಡಲಿ, ತನ್ನ ಸರಕನ್ನು ಮತ್ತೊಬ್ಬರ ಹೆಸರುವಾಸಿ ಸರಕೆಂದು ನಂಬಿಸಿ ಮಾರುವುದಕ್ಕೆ 'ಪಾಸಿಂಗ್ ಆಫ್' ಎನ್ನುತ್ತಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆ ಎರಡಕ್ಕೂ ತಡೆ ಒಡ್ಡುತ್ತದೆ.

ಔಷಧಿಯ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ. ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಿಗಳ ಹೆಸರಿನ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹೆಸರು ಹತ್ತಿರ, ಒಳಗಿನ ಮದ್ದು ಬೇರೆ. ಓದು ಬಾರದವರು, ಹಲವು ಭಾಷೆಯವರು ಇರುವ ದೇಶದಲ್ಲಿ ಔಷಧಿಗಳ ಹೆಸರನ್ನು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂದು ನ್ಯಾಯಾಲಯ 2001ರಲ್ಲಿ ಹೇಳಿತು.

ಹಾಗೆಂದು ಹೆಸರು ಹೋಲಿದರೆ ಸಾಕು, ಮೋಸವೆನ್ನಲಾಗದು. ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ'ಗೂ ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲಿಗೂ ನಡೆದ ವ್ಯಾಜ್ಯದಲ್ಲಿ, 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ಎರಡರ ಗುರುತುಗಳು ನೋಟಕ್ಕೆ ಬೇರೆ, ವ್ಯಾಪಾರವೂ ಬೇರೆ. ಆದರೆ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೋಟೆಲಿನವರು ಆ ಹೆಸರು ಪಡೆಯುವಂತಿಲ್ಲ. ಕೊಳ್ಳುವವನಿಗೆ ಗೊಂದಲ ಆಗುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಒಂದು ಮಾತು ನೆನಪಿಡೋಣ. ಟ್ರೇಡ್‌ಮಾರ್ಕ್ ಮೊಕದ್ದಮೆ ಕಂಪನಿ ಕಂಪನಿಗಳ ನಡುವಿನದು. ಅದರಿಂದ ನಮ್ಮ ಹೊಲದ ನಷ್ಟ ತುಂಬದು. ನಮ್ಮ ದಾರಿ ಗ್ರಾಹಕರ ಆಯೋಗ. ಕೆಟ್ಟ ಬೀಜದಿಂದ ನಷ್ಟಪಟ್ಟ ಆಂಧ್ರದ ರೈತರ ಪ್ರಕರಣದಲ್ಲಿ, ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿದಿದೆ. ಆ ದಾರಿ ಹಿಡಿಯಲು ಕೈಯಲ್ಲಿ ಪುರಾವೆ ಬೇಕು. ಆದ್ದರಿಂದ:

1. ಬಣ್ಣ, ಚಿತ್ರ ನಂಬಬೇಡಿ. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಕಂಪನಿಯ ಹೆಸರು, ವಿಳಾಸ ನೋಡಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ.

2. ಕೀಟನಾಶಕದ ಸೀಸೆಯ ಮೇಲೆ ಒಳಗಿನ ರಾಸಾಯನಿಕದ ಹೆಸರು, ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷದ ತೀವ್ರತೆಯನ್ನು ತಿಳಿಸುತ್ತದೆ, ಗುಣಮಟ್ಟವನ್ನಲ್ಲ.

3. ಕದಿರಿ-6, ಕದಿರಿ ಲೇಪಾಕ್ಷಿ ಎಂಬುವು ತಳಿಯ ಹೆಸರುಗಳು, ಕಂಪನಿಯ ಗುರುತಲ್ಲ. ಚೀಲದ ಮೇಲಿನ ಹೆಸರಿಗೆ ಮರುಳಾಗದೆ ಪ್ರಮಾಣಿತ ಬೀಜದ ನೀಲಿ ಚೀಟಿ ಇದೆಯೇ ನೋಡಿ.

4. ರಸೀದಿ ಇಲ್ಲದೆ ಕೊಳ್ಳಬೇಡಿ. ರಸೀದಿ, ಚೀಟಿ, ಚೀಲ ಮತ್ತು ಒಂದು ಹಿಡಿ ಬೀಜವನ್ನು ಕೊಯ್ಲಿನವರೆಗೆ ಜೋಪಾನವಾಗಿಡಿ. ಅನುಮಾನ ಬಂದ ಕೂಡಲೇ ಕೃಷಿ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಬೆಳೆ ಹೊಲದಲ್ಲಿರುವಾಗಲೇ ತೋರಿಸಿ.

ಕೊನೆಗೆ ನಮಗೂ ಒಂದು ಮಾತು. ಮನೆಯ ಬೀಜವನ್ನು ನೆರೆಯವರಿಗೆ ಕೊಡಲು, ಮಾರಲು 2001ರ ಸಸ್ಯತಳಿ ಕಾಯಿದೆ ರೈತನಿಗೆ ಹಕ್ಕು ಕೊಟ್ಟಿದೆ. ಆದರೆ ಅದನ್ನು ಕಂಪನಿಯ ಖಾಲಿ ಚೀಲದಲ್ಲಿ ತುಂಬಿ ಮಾರಿದರೆ, ನಾವು ದೂರುವ ಮೋಸವನ್ನು ನಾವೇ ಮಾಡಿದಂತೆ. ನಮ್ಮ ಬೀಜ ನಮ್ಮ ಹೆಸರಿನಲ್ಲೇ ಹೋಗಲಿ.